ಹನ್ನೆರಡು ನಗರಗಳ ದೇವರು

ಇಟಲಿಯ ಉಂಬ್ರಿಯಾ ಪ್ರಾಂತದಲ್ಲಿ ಸ್ಪೆಲ್ಲೊ ಎಂಬ ಪುಟ್ಟ ಪಟ್ಟಣವಿದೆ. ಅಲ್ಲಿ 1733ರಲ್ಲಿ ಲ್ಯಾಟಿನ್ ಬರಹವುಳ್ಳ ಅಮೃತಶಿಲೆಯ ಫಲಕವೊಂದು ದೊರೆಯಿತು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 333 ಮತ್ತು 337ರ ನಡುವೆ ಹೊರಡಿಸಿದ ಆದೇಶವೊಂದರ ಪ್ರತಿ ಅದು. ವೃತ್ತಿಜೀವನವನ್ನೆಲ್ಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಅದರ ಅನುವಾದವನ್ನು ಓದುವಾಗ ಅಪರಿಚಿತವೆನಿಸಿದ್ದು ಬಹಳ ಕಡಿಮೆ. ಮೊದಲು ಮನವಿಯ ಸಾರಾಂಶ, ಬಳಿಕ ಮನವಿದಾರರು ಮುಂದಿಟ್ಟ ಕಾರಣಗಳು, ಅನಂತರ ಮಂಜೂರಾತಿ, ಜೊತೆಗೆ ಷರತ್ತುಗಳು. ಹದಿನೇಳು ಶತಮಾನಗಳಲ್ಲಿ ಕಚೇರಿ ಭಾಷೆಯ ಚೌಕಟ್ಟು ಹೆಚ್ಚೇನೂ ಬದಲಾಗಿಲ್ಲ.

ಮನವಿ ಇಷ್ಟೇ. ಉಂಬ್ರಿಯಾದ ಜನರು ಪುರಾತನ ಪದ್ಧತಿಯಂತೆ ನೆರೆಯ ತುಸ್ಕಿಯಾದವರೊಡನೆ ಸೇರಿ ವರ್ಷವರ್ಷವೂ ಪುರೋಹಿತರನ್ನು ಆರಿಸಬೇಕು. ಆ ಪುರೋಹಿತರು ತುಸ್ಕಿಯಾದ ವೊಲ್ಸಿನಿ ನಗರದಲ್ಲಿ ನಾಟಕಗಳನ್ನೂ ಗ್ಲಾಡಿಯೇಟರ್ ಕಾಳಗವನ್ನೂ ಏರ್ಪಡಿಸಬೇಕು. ಅಲ್ಲಿಗೆ ಹೋಗುವ ದಾರಿ ಬೆಟ್ಟಗಳಿಂದ ಕಡಿದು, ಕಾಡುಗಳಿಂದ ದುರ್ಗಮ. ಆದ್ದರಿಂದ ತಮ್ಮ ಪುರೋಹಿತನು ಅಷ್ಟು ದೂರ ಹೋಗದೆ ಸ್ವಂತ ಊರಿನಲ್ಲೇ ಉತ್ಸವ ನಡೆಸಲು ಅಪ್ಪಣೆಯಾಗಬೇಕು. ಹೊಸ ತಾಲ್ಲೂಕು ಬೇಕು, ಕಚೇರಿ ನಮ್ಮೂರಿಗೇ ಬರಬೇಕು ಎಂಬ ಮನವಿಗಳನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ಓದಿದ್ದೇನೆ. ರಸ್ತೆ ಕೆಟ್ಟಿದೆ ಎಂಬ ಕಾರಣ ಇಲ್ಲದ ಮನವಿಯನ್ನು ಕಂಡ ನೆನಪಿಲ್ಲ. ನಿಜವಾದ ಕಾರಣ ಸಾಮಾನ್ಯವಾಗಿ ಪ್ರತಿಷ್ಠೆ. ಇಲ್ಲಿಯೂ ಅದೇ ಇದ್ದಿರಬೇಕು. ತಮ್ಮ ಊರಿಗೆ ಚಕ್ರವರ್ತಿಯ ಮನೆತನದ ಹೆಸರಿಡಬೇಕು, ಆ ಮನೆತನಕ್ಕೆ ಒಂದು ದೇವಾಲಯ ಕಟ್ಟಿಸಬೇಕು ಎಂದೂ ಅವರು ಕೇಳಿಕೊಂಡಿದ್ದರು. ಕಾನ್‌ಸ್ಟಂಟೈನ್ ಎಲ್ಲಕ್ಕೂ ಒಪ್ಪಿದ. ಆದರೆ ಆ ದೇವಾಲಯವು ಮೂಢಾಚರಣೆಯ ಸೋಂಕಿನಿಂದ ಕೆಡಬಾರದು, ವೊಲ್ಸಿನಿಯಲ್ಲಿ ತುಸ್ಕಿಯಾದ ಪುರೋಹಿತನು ನಡೆಸುವ ಹಳೆಯ ಉತ್ಸವ ನಿಲ್ಲಬಾರದು ಎಂದು ವಿಧಿಸಿದ. ಗ್ಲಾಡಿಯೇಟರ್ ಕಾಳಗ ತನಗೆ ಮೆಚ್ಚುಗೆಯಿಲ್ಲವೆಂದು ಕ್ರಿ.ಶ. 325ರಲ್ಲಿ ಶಾಸನ ಹೊರಡಿಸಿದ್ದವನೂ ಇದೇ ಚಕ್ರವರ್ತಿ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಆದೇಶದಲ್ಲಿ ಒಂದು ಸಂಗತಿ ಮಾತ್ರ ಇಲ್ಲ. ವೊಲ್ಸಿನಿಯ ಆ ಉತ್ಸವ ಮೂಲತಃ ಯಾವ ದೇವರದು ಎಂಬುದನ್ನು ಅದು ಎಲ್ಲಿಯೂ ಹೇಳುವುದಿಲ್ಲ. ವಿದ್ವಾಂಸರು ಅದರ ಬೇರನ್ನು ಎಂಟುನೂರು ವರ್ಷ ಹಿಂದಕ್ಕೆ, ವೋಲ್ತುಮ್ನ ಎಂಬ ಎಟ್ರುಸ್ಕನ್ ದೇವರ ಕ್ಷೇತ್ರದವರೆಗೆ ಹಿಂಬಾಲಿಸಿ ಹೋಗುತ್ತಾರೆ.

ಆರ್ನೊ ಮತ್ತು ಟೈಬರ್ ನದಿಗಳ ನಡುವಿನ ನಾಡು ಎಟ್ರುಸ್ಕನ್ನರದು. ರೋಮ್ ಇನ್ನೂ ಚಿಕ್ಕ ಊರಾಗಿದ್ದಾಗಲೇ ಅವರು ಕಬ್ಬಿಣ ಮತ್ತು ತಾಮ್ರದ ವ್ಯಾಪಾರದಿಂದ ಸಿರಿವಂತರಾಗಿದ್ದರು. ಗ್ರೀಕರಿಂದ ಪಡೆದ ಲಿಪಿಯಲ್ಲಿ ಬರೆಯುತ್ತಿದ್ದ ಅವರ ಬರಹವನ್ನು ನಾವು ಇಂದು ಓದಬಲ್ಲೆವು. ಆದರೆ ಆ ಭಾಷೆ ಲ್ಯಾಟಿನ್ನಿಗಾಗಲಿ ಗ್ರೀಕ್‌ಗಾಗಲಿ ಸಂಬಂಧಿಸಿದ್ದಲ್ಲವಾದ್ದರಿಂದ ಅರ್ಥವಾಗುವುದು ಕೊಂಚವೇ. ಅವರ ಸಾಹಿತ್ಯ ಉಳಿಯಲಿಲ್ಲ. ಚಕ್ರವರ್ತಿ ಕ್ಲಾಡಿಯಸ್ ಗ್ರೀಕ್ ಭಾಷೆಯಲ್ಲಿ ಇಪ್ಪತ್ತು ಸಂಪುಟಗಳ ಎಟ್ರುಸ್ಕನ್ ಇತಿಹಾಸವನ್ನು ಬರೆದಿದ್ದ, ಅದೂ ನಷ್ಟವಾಯಿತು. ಹೀಗಾಗಿ ವೋಲ್ತುಮ್ನನ ವಿಷಯದಲ್ಲಿ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನ ಭಕ್ತರನ್ನು ಸೋಲಿಸಿದವರ ಲೇಖನಿಯಿಂದ ಬಂದದ್ದು. ರೋಮ್‌ನ ಪಂಡಿತ ವಾರೋ ಅವನನ್ನು ಎಟ್ರೂರಿಯಾದ ಪ್ರಧಾನ ದೇವರೆಂದು ಕರೆದಿದ್ದಾನೆ. ಎಟ್ರುಸ್ಕನ್ನರ ಕೈಯಿಂದಲೇ ಮೂಡಿದ ಸಾಕ್ಷ್ಯವೆಂದರೆ ತುಸ್ಕಾನಿಯಾ ಎಂಬಲ್ಲಿ ದೊರೆತ, ಕ್ರಿ.ಪೂ. 300ರ ಆಸುಪಾಸಿನ ಒಂದು ಕಂಚಿನ ಕನ್ನಡಿ. ಅದರ ಹಿಂಬದಿಯಲ್ಲಿ ಬಲಿಪಶುವಿನ ಯಕೃತ್ತನ್ನು ನೋಡಿ ಶಕುನ ಹೇಳುವ ದೃಶ್ಯವಿದೆ. ಪಕ್ಕದಲ್ಲಿ ನಿಂತವನ ಹೆಸರು ‘ವೆಲ್ತೂನೆ’ ಎಂದು ಕೆತ್ತಲಾಗಿದೆ. ಇವನೇ ವೋಲ್ತುಮ್ನ ಎಂಬುದು ಬಹುಜನರ ಅಭಿಮತ.

ಎಟ್ರುಸ್ಕನ್ನರಿಗೆ ಒಂದು ರಾಜ್ಯವಾಗಲಿ ಒಂದು ರಾಜಧಾನಿಯಾಗಲಿ ಇರಲಿಲ್ಲ. ತಾರ್ಕ್ವೀನಿಯಾ, ಕೈರೆ, ವುಲ್ಚಿ, ವೇಯಿ, ಕ್ಲೂಸಿಯಂ, ಪೆರೂಜಾ, ವೊಲ್ತೆರ್ರಾ ಮುಂತಾಗಿ ಹನ್ನೆರಡು ನಗರಗಳೆಂದು ಲೆಕ್ಕ. ಹನ್ನೆರಡೂ ಯಾವುವು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಪ್ರತಿಯೊಂದಕ್ಕೂ ತನ್ನದೇ ಸೈನ್ಯ, ತನ್ನದೇ ಅಧಿಕಾರಿಗಳು, ನೆರೆಯವನೊಡನೆ ತನ್ನದೇ ಜಗಳ. ಇವರೆಲ್ಲರೂ ಸೇರುತ್ತಿದ್ದ ಒಂದೇ ತಾಣ ವೋಲ್ತುಮ್ನನ ಕ್ಷೇತ್ರ. ಹನ್ನೆರಡು ನಗರಗಳು ಅಲ್ಲಿ ಮತ ಹಾಕಿ ಒಬ್ಬ ಪುರೋಹಿತನನ್ನು ಆರಿಸುತ್ತಿದ್ದವು. ಉತ್ಸವದ ಆಟಗಳು ನಡೆಯುತ್ತಿದ್ದವು. ನಗರಗಳ ಪ್ರಮುಖರು ಕೂತು ಯುದ್ಧ ಶಾಂತಿಗಳ ಮಾತನಾಡುತ್ತಿದ್ದರು. ಜನ ಸೇರಿದಲ್ಲಿಗೆ ವ್ಯಾಪಾರಿಗಳು ಬರಲೇಬೇಕು. ನಮ್ಮ ಜಾತ್ರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವ್ಯಾಪಾರಿಗಳಿಂದಲೇ ಆ ಸಭೆಯ ಗುಟ್ಟು ರೋಮ್‌ಗೆ ತಲುಪುತ್ತಿತ್ತು ಎಂಬುದು ಇತಿಹಾಸಕಾರ ಲಿವಿಯ ಬರಹದಿಂದ ತಿಳಿಯುತ್ತದೆ. ಕ್ರಿ.ಪೂ. 434ರಲ್ಲಿ ವೇಯಿ ಮತ್ತು ಫಲೇರಿ ನಗರಗಳು ಸಹಾಯ ಕೋರಿ ಹನ್ನೆರಡು ನಗರಗಳಿಗೂ ದೂತರನ್ನು ಕಳುಹಿಸಿದವು. ವೋಲ್ತುಮ್ನನ ಸನ್ನಿಧಿಯಲ್ಲಿ ಸಭೆ ಕರೆಯಲಾಯಿತು. ಸುದ್ದಿ ಕೇಳಿ ಬೆಚ್ಚಿದ ರೋಮ್ ಮಾಮೆರ್ಕಸ್ ಎಮೀಲಿಯಸ್ ಎಂಬವನನ್ನು ಸರ್ವಾಧಿಕಾರಿಯಾಗಿ ನೇಮಿಸಿತು. ಅಷ್ಟರಲ್ಲಿ ಸಭೆಯ ತೀರ್ಮಾನದ ವಾರ್ತೆಯನ್ನು ವ್ಯಾಪಾರಿಗಳು ತಂದರು: ವೇಯಿಗೆ ಸಹಾಯ ದೊರೆಯದು, ತಾವೇ ಹೂಡಿದ ಯುದ್ಧವನ್ನು ಅವರು ತಮ್ಮ ಬಲದಿಂದಲೇ ಮಾಡಿಕೊಳ್ಳಲಿ. ಯುದ್ಧವಿಲ್ಲದೆ ಕೈ ಖಾಲಿಯಾದ ಸರ್ವಾಧಿಕಾರಿ ತನ್ನ ನೇಮಕ ವ್ಯರ್ಥವಾಗಬಾರದೆಂದು ಆಡಳಿತ ಸುಧಾರಣೆಗೆ ತೊಡಗಿದ. ಸೆನ್ಸಾರ್ ಎಂಬ ಅಧಿಕಾರಿಗಳ ಅವಧಿಯನ್ನು ಐದು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಿದ. ಅವನು ಹುದ್ದೆಯಿಂದ ಇಳಿದ ಕೂಡಲೇ ಸೆನ್ಸಾರ್‌ಗಳು ಅವನ ತೆರಿಗೆಯನ್ನು ಎಂಟು ಪಟ್ಟು ಏರಿಸಿ ಸೇಡು ತೀರಿಸಿಕೊಂಡರು. ಆಡಳಿತ ಸುಧಾರಣೆಗೆ ಕೈಹಾಕುವವರು ಈ ಪ್ರಸಂಗವನ್ನು ಓದಿಕೊಂಡಿರುವುದು ಒಳ್ಳೆಯದು.

ವೋಲ್ತುಮ್ನನ ಕ್ಷೇತ್ರಕ್ಕೆ ನಿಜವಾದ ಪರೀಕ್ಷೆ ಬಂದದ್ದು ಮುಂದಿನ ತಲೆಮಾರಿನಲ್ಲಿ. ವೇಯಿ ನಗರ ರೋಮ್‌ನಿಂದ ಕೇವಲ 16 ಕಿ.ಮೀ. ದೂರದಲ್ಲಿತ್ತು. ಎರಡೂ ಬೆಳೆಯುತ್ತಿದ್ದ ನಗರಗಳು. ಒಂದು ಉಳಿಯಬೇಕಾದರೆ ಇನ್ನೊಂದು ತಗ್ಗಬೇಕಿತ್ತು. ಸಂಪ್ರದಾಯದ ಲೆಕ್ಕದಂತೆ ಕ್ರಿ.ಪೂ. 406ರಲ್ಲಿ ರೋಮನ್ನರು ವೇಯಿಯನ್ನು ಮುತ್ತಿದರು. ಮರುವರ್ಷವೇ ವೋಲ್ತುಮ್ನನ ಸನ್ನಿಧಿಯಲ್ಲಿ ಕಿಕ್ಕಿರಿದ ಸಭೆ ನಡೆಯಿತು. ಇಡೀ ಎಟ್ರುಸ್ಕನ್ ಜನಾಂಗವೇ ವೇಯಿಯ ಪರವಾಗಿ ಯುದ್ಧಕ್ಕಿಳಿಯಬೇಕೇ ಎಂಬುದು ಪ್ರಶ್ನೆ. ತೀರ್ಮಾನವಾಗಲಿಲ್ಲ. ಮುಂದೂಡುವುದೂ ಒಂದು ತೀರ್ಮಾನವೇ ಎಂಬುದು ಸಭೆಗಳಲ್ಲಿ ಕುಳಿತು ಅಭ್ಯಾಸವಿರುವ ಎಲ್ಲರಿಗೂ ಗೊತ್ತು.

ಅನಂತರ ವೇಯಿಯ ಜನ ವರ್ಷಕ್ಕೊಮ್ಮೆ ನಡೆಯುವ ಚುನಾವಣೆಯ ಕಿತ್ತಾಟದಿಂದ ಬೇಸತ್ತು ಒಬ್ಬ ರಾಜನನ್ನು ಆರಿಸಿಕೊಂಡರು. ಉಳಿದ ನಗರಗಳಿಗೆ ರಾಜತ್ವವೇ ಹಿಡಿಸದು. ಅದಕ್ಕಿಂತಲೂ ಈ ಮನುಷ್ಯ ಹಿಡಿಸದು. ಕಾರಣ ಸ್ವಾರಸ್ಯಕರ. ಹಿಂದೊಮ್ಮೆ ಇವನು ಹನ್ನೆರಡು ನಗರಗಳ ಪುರೋಹಿತನ ಸ್ಥಾನಕ್ಕೆ ಆಸೆಪಟ್ಟಿದ್ದ. ಮತ ಇನ್ನೊಬ್ಬನಿಗೆ ಬಿತ್ತು. ಉತ್ಸವದಲ್ಲಿ ಆಡುತ್ತಿದ್ದ ಕಲಾವಿದರಲ್ಲಿ ಹೆಚ್ಚಿನವರು ಇವನ ಗುಲಾಮರು. ಸಿಟ್ಟಿಗೆದ್ದ ಈತ ಆಟಗಳ ನಡುವೆಯೇ ಅವರನ್ನು ಹಿಂದಕ್ಕೆ ಕರೆಸಿಕೊಂಡು ಉತ್ಸವವನ್ನೇ ಕೆಡಿಸಿದ. ಎಟ್ರುಸ್ಕನ್ನರು ಬೇರೆಲ್ಲ ಜನಾಂಗಗಳಿಗಿಂತ ಹೆಚ್ಚಾಗಿ ಧಾರ್ಮಿಕ ವಿಧಿಗಳಿಗೆ ಕಟ್ಟುಬಿದ್ದವರೆಂದು ಲಿವಿ ಹೇಳುತ್ತಾನೆ. ದೇವರ ಮುಂದೆ ಆದ ಈ ಅಪಚಾರವನ್ನು ಅವರು ಮರೆಯಲಿಲ್ಲ. ವೇಯಿ ಈ ರಾಜನ ಅಧೀನದಲ್ಲಿರುವವರೆಗೆ ನೆರವಿಲ್ಲವೆಂದು ಸಭೆ ನಿರ್ಣಯಿಸಿತು.

ಈ ಕಥೆ ಅಕ್ಷರಶಃ ನಡೆಯಿತೇ ಎಂದು ಅನುಮಾನಿಸುವವರಿದ್ದಾರೆ. ಲಿವಿ ಬರೆದದ್ದು ಸುಮಾರು ನಾಲ್ಕು ಶತಮಾನಗಳ ಬಳಿಕ. ಆದರೂ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಆ ಕೂಟದ ರಚನೆಯೇ ಕಾಣುತ್ತದೆ. ಸಾರ್ವಜನಿಕ ಉತ್ಸವದ ಖರ್ಚು ಒಬ್ಬ ಧಣಿಯ ಹೆಗಲ ಮೇಲಿತ್ತು. ಅವನು ಮುನಿಸಿಕೊಂಡರೆ ಉತ್ಸವ ನಿಲ್ಲುತ್ತಿತ್ತು. ಲಿವಿಯ ವರದಿಗಳಲ್ಲಿ ಹನ್ನೆರಡು ನಗರಗಳು ಕೂಡಿ ಇಟ್ಟ ಬೊಕ್ಕಸದ ಮಾತಿಲ್ಲ, ನಿಂತ ಸೈನ್ಯದ ಮಾತಿಲ್ಲ, ಒಪ್ಪದ ನಗರವನ್ನು ಒಪ್ಪಿಸುವ ಅಧಿಕಾರದ ಮಾತೂ ಇಲ್ಲ. ಸಭೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲದಿದ್ದಾಗ ಎಲ್ಲರೂ ಬಂದು ಸೇರುತ್ತಿದ್ದರು. ಒಂದು ನಗರದ ರಕ್ಷಣೆಗೆ ಹನ್ನೊಂದು ನಗರಗಳು ಮಕ್ಕಳನ್ನೂ ಹಣವನ್ನೂ ಕಳುಹಿಸಬೇಕಾದ ದಿನ ಹಳೆಯ ಅಪಚಾರಗಳೆಲ್ಲ ನೆನಪಿಗೆ ಬಂದವು. ಕ್ರಿ.ಪೂ. 397ರಲ್ಲಿ ಕಪೇನಾ ಮತ್ತು ಫಲೇರಿಯವರು ಮತ್ತೊಮ್ಮೆ ಆ ಸನ್ನಿಧಿಯಲ್ಲಿ ಅಂಗಲಾಚಿದರು. ಆ ಹೊತ್ತಿಗೆ ಉತ್ತರದಲ್ಲಿ ಗಾಲ್ ಜನರು ಬಂದು ನೆಲೆಯೂರುತ್ತಿದ್ದರು. ಅವರೊಡನೆ ಶಾಂತಿಯೂ ಭದ್ರವಲ್ಲ, ಯುದ್ಧವೂ ನಿಶ್ಚಿತವಲ್ಲ, ಆದ್ದರಿಂದ ಸೈನ್ಯ ಕಳುಹಿಸಲಾಗದು ಎಂಬ ಉತ್ತರ ಬಂತು. ರಕ್ತಸಂಬಂಧದ ಗೌರವಕ್ಕಾಗಿ ಯುವಕರು ತಾವಾಗಿ ಹೊರಟರೆ ತಡೆಯುವುದಿಲ್ಲ ಎಂಬಷ್ಟು ಉದಾರತೆ ತೋರಿಸಲಾಯಿತು.

ಮರುವರ್ಷ, ಕ್ರಿ.ಪೂ. 396ರಲ್ಲಿ, ವೇಯಿ ಬಿತ್ತು. ಬದುಕುಳಿದ ನಾಗರಿಕರನ್ನು ರೋಮನ್ನರು ಗುಲಾಮರನ್ನಾಗಿ ಮಾರಿದರು.

ಅಲ್ಲಿ ಇನ್ನೊಂದು ವಿಧಿಯೂ ನಡೆಯಿತು. ಶತ್ರುನಗರದ ದೇವರನ್ನು ಸೆರೆಹಿಡಿಯುವುದು ರೋಮನ್ನರ ದೃಷ್ಟಿಯಲ್ಲಿ ಪಾಪ, ಆದರೆ ಆಹ್ವಾನಿಸಬಹುದು. ನಮ್ಮಲ್ಲಿಗೆ ಬಾ, ಇದಕ್ಕಿಂತ ದೊಡ್ಡ ಗುಡಿ ಕಟ್ಟಿಸುತ್ತೇವೆ ಎಂದು ಸೇನಾಪತಿ ಹರಕೆ ಹೊರುತ್ತಿದ್ದ. ವೇಯಿಯ ದೇವತೆ ಊನಿ, ರೋಮನ್ನರ ಬಾಯಲ್ಲಿ ಜೂನೋ. ಸ್ನಾನ ಮಾಡಿ ಬಿಳಿಯ ಬಟ್ಟೆ ತೊಟ್ಟ ಯುವಕರು ಗರ್ಭಗುಡಿಗೆ ಹೋದರು. ರೋಮ್‌ಗೆ ಬರುವೆಯಾ ತಾಯಿ ಎಂದು ಅವರಲ್ಲೊಬ್ಬ ಕೇಳಿದಾಗ ವಿಗ್ರಹ ತಲೆಯಾಡಿಸಿತೆಂದು ಉಳಿದವರು ಸಾರಿದರಂತೆ. ಕ್ರಿ.ಪೂ. 392ರಲ್ಲಿ ರೋಮ್‌ನ ಆವೆಂಟೈನ್ ಗುಡ್ಡದ ಮೇಲೆ ಅವಳ ಗುಡಿ ಸಿದ್ಧವಾಯಿತು. ಸೋತ ಊರಿನ ದೇವರನ್ನು ಒಡೆಯುವ ಬದಲು ಗೌರವದಿಂದ ಕರೆದೊಯ್ದರೆ ಸೋತವರಿಗೆ ಮರಳಿ ಸೇರಲು ಜಾಗವೇ ಉಳಿಯುವುದಿಲ್ಲ. ಇದಕ್ಕಿಂತ ಚತುರವಾದ ರಾಜನೀತಿಯನ್ನು ನಾನು ಇತಿಹಾಸದಲ್ಲಿ ಹೆಚ್ಚು ಕಂಡಿಲ್ಲ.

ವೋಲ್ತುಮ್ನನ ಸರದಿ ಬರಲು ಇನ್ನೂ ನೂರಮೂವತ್ತು ವರ್ಷ ಹಿಡಿಯಿತು. ಅವನ ಕ್ಷೇತ್ರವಿದ್ದ ವೊಲ್ಸಿನಿಯನ್ನು ಎಟ್ರುಸ್ಕನ್ನರು ವೆಲ್ಜ್ನ ಎನ್ನುತ್ತಿದ್ದರು. ಇಂದಿನ ಒರ್ವಿಯೆತೊ ನಗರ ಕುಳಿತಿರುವ ಕಡಿದಾದ ಬಂಡೆಯ ಮೇಲೆ ಅದು ಇತ್ತೆಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲ್ಲಿನ ಗುಲಾಮರು ಮತ್ತು ಬಿಡುಗಡೆ ಹೊಂದಿದವರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಹಳೆಯ ಒಡೆಯರ ಹೆಣ್ಣುಮಕ್ಕಳನ್ನು ಮದುವೆಯಾದರು, ಆಸ್ತಿಗೆ ಹಕ್ಕುದಾರರಾದರು. ಒಡೆಯರು ಗುಟ್ಟಾಗಿ ರೋಮ್‌ನ ಮೊರೆಹೊಕ್ಕರು. ಕ್ರಿ.ಪೂ. 264ರಲ್ಲಿ ಕಾನ್ಸಲ್ ಮಾರ್ಕಸ್ ಫುಲ್ವಿಯಸ್ ಫ್ಲಾಕಸ್ ನಗರವನ್ನು ಹಿಡಿದು ನೆಲಸಮ ಮಾಡಿದ. ಬದುಕುಳಿದವರನ್ನು ಬೊಲ್ಸೇನಾ ಸರೋವರದ ದಡಕ್ಕೆ ಕೊಂಡೊಯ್ದು ಹೊಸ ವೊಲ್ಸಿನಿಯಲ್ಲಿ ನೆಲೆಗೊಳಿಸಲಾಯಿತು. ಕರೆದವರಿಗೆ ಅಧಿಕಾರ ಮರಳಿತು, ಊರು ಮರಳಲಿಲ್ಲ. ಒರ್ವಿಯೆತೊ ಎಂಬ ಹೆಸರು ‘ಹಳೆಯ ಊರು’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿದ್ದು.

ಎರಡು ಸಾವಿರ ಪ್ರತಿಮೆಗಳಿಗಾಗಿಯೇ ರೋಮನ್ನರು ವೊಲ್ಸಿನಿಯನ್ನು ಸೂರೆಗೊಂಡರು ಎಂಬ ಆರೋಪವನ್ನು ಮೆಟ್ರೊಡೋರಸ್ ಎಂಬ ಗ್ರೀಕ್ ಲೇಖಕ ಮಾಡಿದ್ದ; ಪ್ಲಿನಿ ಅದನ್ನು ದಾಖಲಿಸಿದ್ದಾನೆ. ಆತ ರೋಮ್‌ನ ದ್ವೇಷಿಯೆಂದೇ ಹೆಸರಾದವನು, ಸಂಖ್ಯೆಯನ್ನು ಹಿಗ್ಗಿಸಿರಬಹುದು. ಆದರೆ ಸೂರೆ ನಿಜ. ರೋಮ್‌ನ ಸಂತ ಒಮೊಬೋನೊ ಚರ್ಚಿನ ಬಳಿ 1961ರಲ್ಲಿ ದೊರೆತ ಕಲ್ಲುಗಳ ಮೇಲೆ ವೊಲ್ಸಿನಿಯನ್ನು ಗೆದ್ದ ಫುಲ್ವಿಯಸ್‌ನ ಹೆಸರಿದೆ. ವೋಲ್ತುಮ್ನನಿಗೂ ಆವೆಂಟೈನ್ ಗುಡ್ಡದ ಮೇಲೆ ಗುಡಿಯಾಯಿತು. ಒಳಗಿನ ಗೋಡೆಯ ಮೇಲೆ ವಿಜಯೋತ್ಸವದ ಉಡುಪಿನಲ್ಲಿರುವ ಫುಲ್ವಿಯಸ್‌ನ ಚಿತ್ರ. ಗೆದ್ದವನ ಚಿತ್ರದ ಕೆಳಗೆ ಸೋತವರ ದೇವರು ಪೂಜೆ ಸ್ವೀಕರಿಸಬೇಕಾಯಿತು.

ರೋಮ್‌ನಲ್ಲಿ ಅವನ ಹೆಸರು ವೆರ್ತುಮ್ನಸ್ ಆಯಿತು. ಲ್ಯಾಟಿನ್ನಿನಲ್ಲಿ ‘ತಿರುಗು’ ಎಂಬ ಧಾತುವಿಗೆ ಹೆಸರನ್ನು ಜೋಡಿಸಿ, ಋತುಗಳು ತಿರುಗುವುದಕ್ಕೆ, ಹಣ್ಣು ಮಾಗುವುದಕ್ಕೆ, ರೂಪ ಬದಲಿಸುವುದಕ್ಕೆ ಅವನನ್ನು ಒಡೆಯನಾಗಿಸಿದರು. ಹನ್ನೆರಡು ನಗರಗಳ ಸಭೆಯ ದೇವರು ತೋಟಗಾರರ ದೇವರಾದ. ಕವಿ ಪ್ರೊಪರ್ಷಿಯಸ್ ಈ ದೇವರೇ ಮಾತನಾಡುವಂತೆ ಒಂದು ಕವಿತೆ ಬರೆದಿದ್ದಾನೆ. ವೊಲ್ಸಿನಿಯನ್ನು ಬಿಟ್ಟು ಬಂದುದಕ್ಕೆ ತನಗೆ ವ್ಯಥೆಯಿಲ್ಲ, ರೋಮ್‌ನ ಪೇಟೆಯ ಜನಸಂದಣಿ ನೋಡುವುದೇ ಸಾಕು ಎಂಬ ಧಾಟಿ ಅದರಲ್ಲಿದೆ. ಹಲವರು ಇದನ್ನು ಲಘುವಾದ ವಿನೋದವೆಂದು ಓದುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಪ್ರೊಪರ್ಷಿಯಸ್ ಉಂಬ್ರಿಯಾದವನು, ಅಂತರ್ಯುದ್ಧದ ನಂತರದ ಮುಟ್ಟುಗೋಲಿನಲ್ಲಿ ಅವನ ಮನೆತನ ಜಮೀನು ಕಳೆದುಕೊಂಡಿತ್ತು. ಊರು ಬಿಟ್ಟವನು ವ್ಯಥೆಯಿಲ್ಲವೆಂದು ಹೇಳುವ ಮಾತಿನ ತೂಕ ಅವನಿಗೆ ತಿಳಿಯದೆ ಇರಲಾರದು.

ದೇವರನ್ನು ಒಯ್ದರೂ ರೋಮ್ ಜಾತ್ರೆಯನ್ನು ಕಡೆಗೆ ಉಳಿಸಿಕೊಂಡಿತು. ಸಾಮ್ರಾಜ್ಯದ ಕಾಲದಲ್ಲಿ ಹಳೆಯ ಕೂಟಕ್ಕೆ ಮತ್ತೆ ಜೀವ ಬಂತು; ಹನ್ನೆರಡರ ಬದಲು ಹದಿನೈದು ಸಮುದಾಯಗಳು. ‘ಎಟ್ರೂರಿಯಾದ ಪ್ರೇಟರ್’ ಎಂಬ ಪದವಿಯನ್ನು ಗಣ್ಯರು ತಮ್ಮ ಶಾಸನಗಳಲ್ಲಿ ಹೆಮ್ಮೆಯಿಂದ ಕೆತ್ತಿಸಿಕೊಂಡರು. ಅಧಿಕಾರವಿಲ್ಲದ, ಖರ್ಚು ಮಾತ್ರ ಇರುವ ಪದವಿ. ಅಂಥವಕ್ಕೆ ಪೈಪೋಟಿ ಎಲ್ಲ ಕಾಲದಲ್ಲೂ ಇರುತ್ತದೆ. ಸ್ಪೆಲ್ಲೊದ ಫಲಕದಲ್ಲಿ ನಾವು ಕಾಣುವುದು ಈ ಪರಂಪರೆಯ ಬಾಲವನ್ನು. ದೇವರ ಹೆಸರನ್ನೂ ಹೇಳದೆ, ‘ಪುರಾತನ ಪದ್ಧತಿ’ ಎಂಬ ಒಂದೇ ಆಧಾರದ ಮೇಲೆ ಉತ್ಸವ ನಡೆಯುತ್ತಿತ್ತು. ಬೇರೆಯಾಗಲು ಬಯಸಿದ ಊರಿಗೆ ಅನುಮತಿಯೂ ಸಿಕ್ಕಿತು.

ಹಾಗಾದರೆ ಆ ಕ್ಷೇತ್ರ ಇದ್ದುದೆಲ್ಲಿ? ಶತಮಾನಗಳ ಕಾಲ ವಿದ್ವಾಂಸರು ಹುಡುಕಿದ ಜಾಗವಿದು. ಒರ್ವಿಯೆತೊದ ಬಂಡೆಯ ಕೆಳಗೆ ಕಾಂಪೊ ದೆಲ್ಲಾ ಫಿಯೆರಾ, ಅಂದರೆ ‘ಜಾತ್ರೆಯ ಬಯಲು’, ಎಂಬ ಹೊಲವಿದೆ. ಅಲ್ಲಿ 2000ದಲ್ಲಿ ಪುರಾತತ್ತ್ವಜ್ಞೆ ಸಿಮೊನೆತ್ತಾ ಸ್ತೊಪ್ಪೊನಿ ಅವರ ನೇತೃತ್ವದಲ್ಲಿ ಉತ್ಖನನ ಆರಂಭವಾಯಿತು. ಕಲ್ಲುಹಾಸಿನ ಅಗಲವಾದ ಮೆರವಣಿಗೆಯ ಹಾದಿ, ಹಲವು ಗುಡಿಗಳ ತಳಪಾಯ, ಸಿಂಹಮುಖದ ಕಾರಂಜಿ, ಗ್ರೀಸ್‌ನಿಂದ ತರಿಸಿದ ಚಿತ್ರಿತ ಮಡಕೆಗಳು ಹೊರಬಂದವು. ಕ್ರಿ.ಪೂ. ಆರನೆಯ ಶತಮಾನದಿಂದ ರೋಮನ್ ಸಾಮ್ರಾಜ್ಯದ ಕೊನೆಯವರೆಗೆ ಅಲ್ಲಿ ಪೂಜೆ ನಡೆದಿತ್ತು. ಆಮೇಲೆ ಅದೇ ನೆಲದ ಮೇಲೆ ಸಂತ ಪೀಟರ್‌ನ ಚರ್ಚು ಎದ್ದಿತು. ಇದೇ ವೋಲ್ತುಮ್ನನ ಕ್ಷೇತ್ರ ಎಂದು ಸ್ತೊಪ್ಪೊನಿ ವಾದಿಸಿದರು. ಇಂದು ಹೆಚ್ಚಿನವರು ಅದನ್ನು ಒಪ್ಪುತ್ತಾರೆ. ಕಾನ್‌ಸ್ಟಂಟೈನನ ಆದೇಶವನ್ನು ಅವರು ಪ್ರಮುಖ ಆಧಾರವಾಗಿ ಬಳಸಿದ್ದಾರೆ.

ಅಲ್ಲಿ ಸಿಕ್ಕ ವಸ್ತುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕ್ರಿ.ಪೂ. ಆರನೆಯ ಶತಮಾನದ ಅಂತ್ಯದ ಒಂದು ಕಲ್ಲಿನ ಪೀಠ. ಮೇಲಿದ್ದ ಪ್ರತಿಮೆ ಹೋಗಿದೆ, ಬರಹ ಉಳಿದಿದೆ. ಹರಕೆ ಅರ್ಪಿಸಿದವಳು ಕನೂತ ಎಂಬ ಹೆಂಗಸು. ಲಾರೆಚೇನಾ ಮನೆತನದ ಗುಲಾಮಗಿರಿಯಿಂದ ಬಿಡುಗಡೆ ಪಡೆದವಳು, ಅರಂತ್ ಪೀನಿಯೆಯ ಹೆಂಡತಿ. ಹನ್ನೆರಡು ನಗರಗಳ ಪ್ರಮುಖರಲ್ಲಿ ಸಭೆ ನಡೆಸಿದ ಯಾರೊಬ್ಬರ ಹೆಸರನ್ನೂ ಲಿವಿ ಕೊಟ್ಟಿಲ್ಲ. ಆಟ ಕೆಡಿಸಿದ ರಾಜನ ಹೆಸರನ್ನೂ ಅಲ್ಲಿ ಹೇಳಿಲ್ಲ. ಕನೂತ ತನ್ನ ಹೆಸರನ್ನು, ಗಂಡನ ಹೆಸರನ್ನು, ಬಿಡುಗಡೆಯಾದೆನೆಂಬ ಮಾತನ್ನು ಎಟ್ರುಸ್ಕನ್ ಅಕ್ಷರಗಳಲ್ಲಿ ಕೆತ್ತಿಸಿ ಅಲ್ಲಿ ಇರಿಸಿ ಹೋಗಿದ್ದಾಳೆ. ಪೀಠದ ಮೇಲೆ ಪ್ರತಿಮೆಯನ್ನು ನಿಲ್ಲಿಸಿದ್ದ ಜಾಗ ಇಂದಿಗೂ ಕಾಣುತ್ತದೆ.